ನಾಲ್ಕನೇ ಟೇಬಲ್ಲಿನ ಇಳಿಜಾರು

ನಮ್ಮ ಮನೆಗೆ ಇದ್ದದ್ದು ಒಂದೇ ಬಾಗಿಲು. ಅದು ಬೀದಿಗೆ ತೆರೆಯುತ್ತಿರಲಿಲ್ಲ, ಅಂಗಳಕ್ಕೂ ತೆರೆಯುತ್ತಿರಲಿಲ್ಲ. ಗಂಡಸರು ಪೂಲ್ ಆಡುವ ಹಾಲಿಗೆ ತೆರೆಯುತ್ತಿತ್ತು. ಪುಣೆಯ ವಾಕಡದಲ್ಲಿ ಆಗಷ್ಟೇ ಎದ್ದಿದ್ದ ಅಂಗಡಿ ಕಟ್ಟಡವೊಂದರ ನೆಲಮಾಳಿಗೆ ಅದು. ನಾಲ್ಕು ಟೇಬಲ್ಲು, ಒಂದೊಂದರ ಮೇಲೂ ತೂಗುವ ದೀಪ, ಗೋಡೆಗೆ ಒರಗಿಸಿದ ಕೋಲುಗಳ ಸಾಲು, ಕೊನೆಯ ಟೇಬಲ್ಲಿನ ಹಿಂದೆ ನಮ್ಮ ಕೋಣೆ. ಕಟ್ಟಿದವರು ಆ ಕೋಣೆಯನ್ನು ಜನರೇಟರ್ ಇಡಲೆಂದು ಕಟ್ಟಿದ್ದರು. ಜನರೇಟರ್ ಬರಲಿಲ್ಲ, ನಾವು ಬಂದೆವು. ಕಿಟಕಿ ಇರಲಿಲ್ಲ. ಸೂರಿನ ಹತ್ತಿರ ಒಂದು ಗೇಣಗಲದ ಜಾಲರಿ ಇತ್ತು. ಅದರಿಂದ ಹೊರಗಿನ ಜನರ ಪಾದಗಳೂ ಸ್ಕೂಟರಿನ ಚಕ್ರಗಳೂ ಕಾಣುತ್ತಿದ್ದವು. ನನ್ನ ಬಾಲ್ಯದ ನೆರೆಹೊರೆಯವರನ್ನು ನಾನು ಇವತ್ತಿಗೂ ಮುಖದಿಂದ ಗುರುತಿಸಲಾರೆ, ಚಪ್ಪಲಿ ತೋರಿಸಿದರೆ ಹೆಸರು ಹೇಳಿಯೇನು. ಬಾಗಿಲಿಗೆ ಪರದೆಯಾಗಿ ಇದ್ದದ್ದು ಟೇಬಲ್ಲಿಂದ ಕಿತ್ತ ಹಳೆಯ ಹಸಿರು ಬಟ್ಟೆ. ಅದರ ತುಂಬ ಕೋಲಿನ ತುದಿಗೆ ಹಚ್ಚುವ ನೀಲಿ ಚಾಕ್‌ಪುಡಿಯ ಕಲೆ, ಕೋಲು ತಾಗಿ ಹರಿದ ಒಂದೆರಡು ಗೀರು. ಆ ಗೀರುಗಳಿಗೆ ಕಣ್ಣಿಟ್ಟೇ ನಾನು ಆಟ ಕಲಿತೆ ಎಂದರೆ ಸುಳ್ಳಾಗದು.

ಅಪ್ಪ ಶಹಾಬಾದ್ ಕಡೆಯವನು, ನೆಲಕ್ಕೆ ಕಲ್ಲು ಹಾಸುವವನು. ಪುಣೆಗೆ ಬಂದದ್ದು ಕಟ್ಟಡ ಕೆಲಸಕ್ಕೆ. ಈ ಹಾಲಿನ ಮಾಲೀಕ ಶೇಠ್‌ನ ಮನೆಗೆ ಅವನು ಹಾಸಿದ ನೆಲದಲ್ಲಿ ತೊಟ್ಟು ನೀರು ನಿಲ್ಲುತ್ತಿರಲಿಲ್ಲವಂತೆ, ಅಷ್ಟು ಚೆಂದ ಹರಿದು ಹೋಗುತ್ತಿತ್ತಂತೆ. ಪೂಲ್ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗೆ ಇರುವುದೂ ಕಲ್ಲೇ, ದಪ್ಪ ಕರಿ ಹಾಸುಗಲ್ಲು. ಅದನ್ನು ಮಟ್ಟವಾಗಿ ಕೂರಿಸಬೇಕು. ಶೇಠ್ ಅಪ್ಪನನ್ನು ಕರೆಸಿದ. ಮೊದಲ ಮೂರನ್ನು ಟೇಬಲ್ ಕಂಪನಿಯ ಮನುಷ್ಯ ಎದುರು ನಿಂತು ಅಪ್ಪನಿಂದ ಕೂರಿಸಿದ. ಅವನು ಹೊರಟು ಹೋದ ಮೇಲೆ ನಾಲ್ಕನೆಯದನ್ನು ಅಪ್ಪ ಒಬ್ಬನೇ ಕೂರಿಸಿದ. ಕೆಲಸ ಮುಗಿಯುವಷ್ಟರಲ್ಲಿ ಶೇಠ್‌ಗೆ ಅಪ್ಪನ ಮೇಲೆ ನಂಬಿಕೆ ಬಂದು, ಹಾಲು ನೋಡಿಕೊಳ್ಳುವ ಕೆಲಸವನ್ನೂ ಹಿಂದಿನ ಕೋಣೆಯನ್ನೂ ಕೊಟ್ಟ. ಅಪ್ಪ ಮಟ್ಟ ನೋಡುವ ತನ್ನ ರಸಮಟ್ಟವನ್ನು ದೇವರ ಫೋಟೋದ ಪಕ್ಕದಲ್ಲೇ ಇಟ್ಟಿದ್ದ. ಮರದ ಪಟ್ಟಿ, ನಡುವೆ ಎರಡು ಗೆರೆ ಎಳೆದ ಗಾಜಿನ ನಳಿಗೆ, ಅದರೊಳಗೆ ಓಡಾಡುವ ಒಂದು ಗುಳ್ಳೆ. ಮನೆಗೆ ಯಾರಾದರೂ ಬಂದರೆ, ಬರುತ್ತಿದ್ದದ್ದೇ ವರ್ಷಕ್ಕೊಬ್ಬರು, ಚಹಾ ಕೊಡುವ ಮೊದಲೇ ಅವರನ್ನು ನಾಲ್ಕನೇ ಟೇಬಲ್ಲಿಗೆ ಕರೆದೊಯ್ದು ಅದರ ಅಂಚು ಸವರಿ ತೋರಿಸುತ್ತಿದ್ದ.

ಹನ್ನೊಂದಕ್ಕೆ ಗಿರಾಕಿಗಳಿಗಾಗಿ ಶಟರ್ ಏಳುತ್ತಿತ್ತು; ಅದಕ್ಕೂ ಮುಂಚೆ ನಾವು ಬಗ್ಗಿ ಹಾಯುವಷ್ಟು ಮಾತ್ರ. ನಮ್ಮ ಮನೆಯ ಎಲ್ಲ ಕೆಲಸಗಳೂ ಆ ಹನ್ನೊಂದರೊಳಗೆ ಮುಗಿಯಬೇಕು. ಪಾಯಿಖಾನೆ ಇದ್ದದ್ದು ಹಾಲಿನ ಆ ತುದಿಗೆ, ಮೆಟ್ಟಿಲ ಬುಡದಲ್ಲಿ, ಗಿರಾಕಿಗಳಿಗೂ ನಮಗೂ ಒಂದೇ. ಒಗ್ಗರಣೆ ಹಾಕುವಂತಿರಲಿಲ್ಲ; ಮೆಣಸಿನಕಾಯಿ ಘಾಟು ಏಸಿಗೆ ಸಿಕ್ಕರೆ ಆಡುವವರೆಲ್ಲ ಕೆಮ್ಮುತ್ತಾರೆಂದು ಶೇಠ್‌ನ ಅಪ್ಪಣೆ. ರೊಟ್ಟಿ ಬಡಿಯುವಂತಿರಲಿಲ್ಲ, ಅವನ್ಯಾರೋ ಗುರಿ ಹಿಡಿದು ಬಗ್ಗಿದಾಗ ಒಳಗಿನಿಂದ ಪಟಪಟ ಸದ್ದು ಬಂದು ಹೊಡೆತ ತಪ್ಪಿತಂತೆ. ಹೀಗಾಗಿ ಅವ್ವ ಬೆಳಗಿನ ಐದಕ್ಕೇ ಎದ್ದು ಮೂರು ಹೊತ್ತಿನ ಜೋಳದ ರೊಟ್ಟಿ ಒಂದೇ ಸಲಕ್ಕೆ ಬಡಿದು, ಪಲ್ಯ ಮಾಡಿ, ಪಾತ್ರೆ ಬೆಳಗಿ, ನನ್ನನ್ನು ಪಾಯಿಖಾನೆಗೆ ಅಟ್ಟಿ, ಹನ್ನೊಂದಕ್ಕೆ ಪರದೆ ಎಳೆಯುತ್ತಿದ್ದಳು. ಆಮೇಲೆ ಮಾತೂ ಪಿಸುಮಾತು. ನೀರು ಕುಡಿಯಲು ನನಗೆ ಹೆದರಿಕೆ, ಅವ್ವನಂತೂ ಕುಡಿಯುತ್ತಲೇ ಇರಲಿಲ್ಲ. ಮೂಲೆಯಲ್ಲಿ ಬಚ್ಚಲು ಅನ್ನುವ ಹೆಸರಿಗೆ ಒಂದು ಮೋರಿ ಇತ್ತು. ತೀರ ಅವಸರಕ್ಕೆ ಅದೇ. ಇದನ್ನೆಲ್ಲ ಹೇಳಲು ನನಗೆ ಈಗ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದರು.

ಅವ್ವ ಮೊದಲು ಹೀಗಿರಲಿಲ್ಲ. ಬಂದ ಹೊಸತರಲ್ಲಿ ಮಧ್ಯಾಹ್ನವೂ ಹಾಲು ದಾಟಿ ಹೋಗಿ ಕಾಯಿಪಲ್ಯ ತರುತ್ತಿದ್ದಳು. ನಾನು ಮೂರನೆಯ ತರಗತಿಯಲ್ಲಿದ್ದಾಗ ಒಂದು ದಿನ, ಅವಳು ಚೀಲ ಹಿಡಿದು ಟೇಬಲ್ಲುಗಳ ನಡುವೆ ಬರುತ್ತಿರುವಾಗ, ಯಾರೋ ಒಬ್ಬ ಅವಳ ಹೆಜ್ಜೆಗೆ ಸರಿಯಾಗಿ ಸಿಳ್ಳೆ ಹಾಕತೊಡಗಿದ. ಹೆಜ್ಜೆಗೊಂದು ಸಿಳ್ಳೆ. ಅವಳು ನಿಂತರೆ ಸಿಳ್ಳೆಯೂ ನಿಲ್ಲುತ್ತಿತ್ತು, ನಡೆದರೆ ಶುರುವಾಗುತ್ತಿತ್ತು. ಎಲ್ಲರೂ ನಕ್ಕರು. ಅಪ್ಪ ಅಲ್ಲೇ ಎರಡನೇ ಟೇಬಲ್ಲಿನ ಬಟ್ಟೆಗೆ ಬ್ರಷ್ ಹಾಕುತ್ತಿದ್ದ. ಅವನು ತಲೆ ಎತ್ತಲಿಲ್ಲ. ಇದನ್ನು ನಾನು ಪರದೆಯ ಗೀರಿನಿಂದ ನೋಡಿದೆ. ಅವತ್ತು ಅವ್ವ ಅಳಲಿಲ್ಲ, ಜಗಳ ಆಡಲಿಲ್ಲ, ಅಪ್ಪನಿಗೆ ಎಂದಿನಂತೆ ರೊಟ್ಟಿ ಬಡಿಸಿದಳು. ಮರುದಿನದಿಂದ ಶಟರ್ ಎತ್ತಿದ ಮೇಲೆ ಹೊಸ್ತಿಲಾಚೆ ಕಾಲಿಡುವುದನ್ನು ಬಿಟ್ಟಳು. ನಾನು ಏಳನೆಯ ತರಗತಿಯಲ್ಲಿ ದೊಡ್ಡವಳಾದೆ. ಆಗ ಆ ನೇಮ ನನಗೂ ಬಂತು.

"ಇನ್ನ ಮ್ಯಾಲ ಶಟರ್ ಎತ್ತೂಕಿಂತ ಮುಂಚೆ ಒಳಗ ಇರ್ಬೇಕು ನೋಡು. ಸಾಲಿಯಿಂದ ಓಡಿಕೋತ ಬಾ."

"ಹಾಲ್‌ನ್ಯಾಗ ಹಾದು ಬಂದ್ರ ಏನಾಗ್ತದವ್ವ?"

"ಏನೂ ಆಗಂಗಿಲ್ಲ. ಅವರಿಗೆ ಏನೂ ಆಗಂಗಿಲ್ಲ."

ಶಾಲೆ ಆಗ ಬೆಳಗಿನ ಪಾಳಿ. ಹತ್ತೂವರೆಗೆ ಗಂಟೆ ಹೊಡೆದರೆ ಹತ್ತು ಐವತ್ತಕ್ಕೆ ಪರದೆಯೊಳಗೆ. ಭಾನುವಾರ ಮತ್ತು ರಜೆಯ ದಿನ ಬೆಳಿಗ್ಗೆ ಮಾತ್ರ ಆ ಹಾಲು ನನ್ನದು. ಆ ಹೊತ್ತಿಗೆ ಕಾಕಾ ಬರುತ್ತಿದ್ದರು. ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಕ್ಲಬ್ಬೊಂದರಲ್ಲಿ ಆಡುವವರ ಅಂಕ ಬರೆಯುವ ಕೆಲಸ ಮಾಡಿ ನಿವೃತ್ತರಾದ ಮರಾಠಿ ಮುದುಕ. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಗುರಿ ಕೆಟ್ಟಿತ್ತು. ಯಾರೂ ಇಲ್ಲದಾಗ ಬಂದು ಗುರಿಯನ್ನು ಮತ್ತೆ ಕಲಿತುಕೊಳ್ಳುತ್ತಿದ್ದರು. ಶೇಠ್ ಅವರ ಮೇಲಿನ ಗೌರವಕ್ಕೆ ನಾಲ್ಕನೇ ಟೇಬಲ್ ಬಿಟ್ಟುಕೊಟ್ಟಿದ್ದ. ನಾನು ಚೆಂಡು ಹೆಕ್ಕಿ ಕೊಡಲು ನಿಂತವಳು, ಕೆಲವೇ ವಾರಗಳಲ್ಲಿ ಕೋಲು ಹಿಡಿದೆ. ಕಾಕಾ ಆಟ ಕಲಿಸಲಿಲ್ಲ, ಅಭ್ಯಾಸ ಮಾತ್ರ ಕಲಿಸಿದರು. ಖಾಲಿ ಬಾಟಲಿಯನ್ನು ಅಡ್ಡ ಮಲಗಿಸಿ, ಅದರ ಬಾಯಿಯೊಳಗೆ ಕೋಲಿನ ತುದಿಯನ್ನು ತಾಗದ ಹಾಗೆ ಒಳಗೆ ಹೊರಗೆ ಆಡಿಸುವುದು. ಆಮೇಲೆ ಇಲ್ಲದ ಚೆಂಡು. ಟೇಬಲ್ಲಿನ ಅಂಚಿನ ಜೇಬಿಗೆ ಬೀಳಬೇಕಾದ ಚೆಂಡಿನ ಹಿಂದೆ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಕಾಗದದ ಬಿಲ್ಲೆ ಇಡುತ್ತಿದ್ದರು. ಬಿಳಿ ಚೆಂಡು ಹೋಗಿ ಆ ಬಿಲ್ಲೆಯ ಮೇಲೆ ನಿಂತಂತೆ ಹೊಡೆಯಬೇಕು, ಆಗ ಮುಂದಿನದು ತಾನಾಗಿ ಜೇಬಿಗೆ ಬೀಳುತ್ತದೆ. ನಾಲ್ಕು ದಿನ ಬಿಟ್ಟು ಬಿಲ್ಲೆ ತೆಗೆದುಬಿಡುತ್ತಿದ್ದರು. ಕಾಣುವ ಚೆಂಡನ್ನು ನೋಡಬೇಡ, ನಿನ್ನ ಚೆಂಡು ಎಲ್ಲಿಗೆ ಹೋಗಿ ನಿಲ್ಲಬೇಕೋ ಆ ಖಾಲಿ ಜಾಗ ನೋಡು ಎನ್ನುತ್ತಿದ್ದರು. ಇಡೀ ದಿನ ಕೋಣೆಯಲ್ಲಿ ಕೂತು ಖಾಲಿ ಜಾಗ ನೋಡಿಯೇ ಬೆಳೆದವಳಿಗೆ ಇದು ಕಷ್ಟವಾಗಲಿಲ್ಲ.

ಪರದೆ ಬಿದ್ದ ಮೇಲೂ ನಾನು ಸುಮ್ಮನಿರಲಿಲ್ಲ. ಮುರಿದ ಕೋಲಿನ ಮುಂದಿನ ತುಂಡು ನನ್ನ ಹತ್ತಿರ ಇತ್ತು. ಟ್ರಂಕಿನ ಮೇಲೆ ಎಣ್ಣೆ ಬಾಟಲಿ ಮಲಗಿಸಿ ಆಡಿಸುತ್ತಿದ್ದೆ. ತಾಗಿದರೆ ಟಿಣ್ ಎನ್ನುತ್ತಿತ್ತು. ಅವ್ವ ಬೇಳೆ ಆರಿಸುತ್ತ ನನ್ನನ್ನು ಬಯ್ಯುತ್ತಿದ್ದಳು, ಪಿಸುಮಾತಿನಲ್ಲೇ. ಪಿಸುಮಾತಿನಲ್ಲಿ ಬೈಸಿಕೊಂಡವರಿಗೇ ಗೊತ್ತು ಅದರ ಉರಿ.

"ಗಂಡಸರ ಆಟ ಕಲತು ಏನ್ ಮಾಡ್ತೀ? ಯಾರ ಮುಂದ ಆಡ್ತೀ?"

"ಯಾರ ಮುಂದನೂ ಆಡಂಗಿಲ್ಲ."

"ಮತ್ತ್ಯಾಕ?"

ನಾನು ಮತ್ತೆ ಕೋಲು ಆಡಿಸಿದೆ. ಬಾಟಲಿ ಉರುಳತೊಡಗಿದಾಗ ಅವ್ವ ತಾನಾಗಿಯೇ ಕೈ ಚಾಚಿ ಅದರ ಬುಡ ಹಿಡಿದಳು. ಟಿಣ್. ಇನ್ನೊಮ್ಮೆ ಟಿಣ್.

"ಮಣಕೈ ಹೊರಗ ಹೊಂಟದ ನೋಡು. ಪಕ್ಕಡಿಗಿ ಹಚ್ಚಿ ಹಿಡಿ."

ಮೊಣಕೈಯನ್ನು ಪಕ್ಕೆಗೆ ಹಚ್ಚಿದೆ. ಟಿಣ್ ನಿಂತಿತು. ಕಾಕಾ ಎರಡು ತಿಂಗಳು ನೋಡಿಯೂ ಹೇಳದೆ ಹೋದದ್ದನ್ನು ಅವಳು ಬೇಳೆ ಆರಿಸುತ್ತಲೇ ಕಂಡಿದ್ದಳು. ಆಗ ನನಗೆ ಅದು ದೊಡ್ಡದೆನಿಸಲಿಲ್ಲ.

ಎಂಟನೆಯ ತರಗತಿ ಮಧ್ಯಾಹ್ನದ ಪಾಳಿ. ಹನ್ನೆರಡೂವರೆಗೆ ಶುರು, ಐದೂವರೆಗೆ ಬಿಡುಗಡೆ. ಹೋಗುವಾಗಲೂ ಬರುವಾಗಲೂ ಹಾಲು ತುಂಬಿರುತ್ತದೆ. ಏಳನೆಯದರ ಪರೀಕ್ಷೆ ಮುಗಿದ ದಿನವೇ ಅವ್ವ ಅಪ್ಪನ ಮುಂದೆ ಮಾತು ತೆಗೆದಳು.

"ಊರಿಗೆ ಕಳಸ್ರಿ ಇಕೀನ. ಅಜ್ಜಿ ಹತ್ರ ಇರ್ತಾಳ."

"ಅಲ್ಲಿ ಸಾಲಿ ಏಳನೇತ್ತಕ ಮುಗೀತದಲ್ಲ."

"ಕಲತಿದ್ದು ಸಾಕು. ಇಲ್ಲ ಅಂದ್ರ ದಿನಾ ಎರಡ ಸಲ ಅವರ ನಡಬರಕ ಕಳಸ್ತೀರೇನು? ನೀವ್ ತಲಿ ಎತ್ತಿ ನೋಡ್ತೀರೇನು?"

ಆ ಸಿಳ್ಳೆಯ ಮಾತನ್ನು ಅವ್ವ ಎತ್ತಿದ್ದು ಅದೊಂದೇ ಸಲ. ಊರಿನಲ್ಲಿ ಏಳನೆಯದು ಮುಗಿಸಿದ ಹುಡುಗಿಯರು ಏನಾಗುತ್ತಾರೆಂದು ನನಗೆ ಗೊತ್ತಿತ್ತು. ನನಗಿಂತ ಒಂದೇ ವರ್ಷ ದೊಡ್ಡವಳಾದ ಚಿಕ್ಕಪ್ಪನ ಮಗಳ ಮದುವೆಯಲ್ಲಿ ನಾನೇ ಅಕ್ಷತೆ ಹಂಚಿ ಬಂದಿದ್ದೆ. ಆ ಇಡೀ ಬೇಸಿಗೆ ನನ್ನ ಎದೆಯ ಮೇಲೆ ಯಾರೋ ಕಲ್ಲು ಹಾಸಿದಂತಿತ್ತು.

ಆ ಬೇಸಿಗೆಯಲ್ಲೇ ಕಾಕಾ ಹೊಸ ಅಭ್ಯಾಸ ಕೊಟ್ಟದ್ದು. ನೋಡಲು ಎಲ್ಲಕ್ಕಿಂತ ಸುಲಭ. ಬಿಳಿ ಚೆಂಡೊಂದನ್ನೇ ಟೇಬಲ್ಲಿನ ಈ ತುದಿಯ ನಟ್ಟನಡುವೆ ಇಟ್ಟು ಆ ತುದಿಯ ಅಂಚಿಗೆ ನೇರ ಹೊಡೆಯಬೇಕು. ಅದು ತಾಗಿ ಹೊರಳಿ ಬಂದು, ಎತ್ತದೆ ಹಿಡಿದ ಕೋಲಿನ ತುದಿಗೇ ಮುಟ್ಟಬೇಕು. ಮುಟ್ಟಿದರೆ ಕೈ ನೇರ ಇದೆ ಎಂದರ್ಥ. ನನ್ನದು ಮುಟ್ಟಲಿಲ್ಲ. ಪ್ರತಿ ಸಲವೂ ಎರಡು ಬೆರಳು ಎಡಕ್ಕೆ ಬರುತ್ತಿತ್ತು. ನಾನು ಮನಸ್ಸಿನಲ್ಲೇ ಒಂದು ಹರಕೆ ಹೊತ್ತೆ: ಚೆಂಡು ನೇರ ಬಂದ ದಿನ ನನ್ನನ್ನು ಶಾಲೆಗೆ ಕಳಿಸುತ್ತಾರೆ. ಮಕ್ಕಳ ಹರಕೆಗೆ ತಲೆಬುಡ ಇರುವುದಿಲ್ಲ, ಆದರೆ ಅದು ದೊಡ್ಡವರ ಹರಕೆಗಿಂತ ಗಟ್ಟಿ. ರಜೆಯ ಅಷ್ಟೂ ದಿನ ಬೆಳಗಿನ ಏಳರಿಂದ ಹೊಡೆದೆ. ಎರಡು ಬೆರಳು ಎಡಕ್ಕೆ. ಮೊಣಕೈ ಪಕ್ಕೆಗೆ ಹಚ್ಚಿ, ಉಸಿರು ಹಿಡಿದು, ಕಣ್ಣು ಕೋಲಿನ ಮೇಲೇ ನೆಟ್ಟು ಹೊಡೆದೆ. ಎರಡೇ ಬೆರಳು, ಎಡಕ್ಕೇ. ಪರದೆಯೊಳಗೆ ಹೋಗಿ ನನ್ನ ಕೈಯನ್ನೇ ಕಚ್ಚಿಕೊಂಡದ್ದೂ ಉಂಟು.

ಶಾಲೆ ತೆರೆಯಲು ಎರಡು ದಿನ ಇರುವಾಗ, ಸಿಟ್ಟಿಗೆ ಎಂಬಂತೆ, ಟೇಬಲ್ಲಿನ ಆ ಕಡೆಗೆ ಹೋಗಿ ಅಲ್ಲಿಂದ ಈ ಕಡೆಗೆ ಹೊಡೆದೆ. ಚೆಂಡು ಎರಡು ಬೆರಳು ಬಲಕ್ಕೆ ಬಂತು. ಮತ್ತೆ ಹೊಡೆದೆ, ಮತ್ತೆ ಬಲಕ್ಕೆ. ನನ್ನ ಕೈ ಡೊಂಕಾಗಿದ್ದರೆ ಎಲ್ಲಿಂದ ಹೊಡೆದರೂ ಎಡಕ್ಕೇ ಬರಬೇಕು. ಇದು ಎತ್ತಣಿಂದ ಹೊಡೆದರೂ ಒಂದೇ ಗೋಡೆಯ ಕಡೆಗೆ ಸರಿಯುತ್ತಿತ್ತು, ನಮ್ಮ ಕೋಣೆಯ ಗೋಡೆಯ ಕಡೆಗೆ. ಕಾಕಾ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಕಾಕಾ, ಹಾತ ನಾಹೀ. ಟೇಬಲ." ಕೈ ಅಲ್ಲ, ಟೇಬಲ್ಲು ಎಂದೆ.

"ಮಲಾ ಮಾಹೀತ ಆಹೇ, ಪೋರೀ," ಎಂದರು ಮುದುಕ. ನನಗೆ ಗೊತ್ತಿದೆ ಎಂದು. ವರ್ಷದಿಂದ ಗೊತ್ತಿತ್ತಂತೆ. "ಪಣ ತುಝ್ಯಾ ಬಾಪಾಲಾ ಕೋಣ ಸಾಂಗಣಾರ?"

ನಿನ್ನ ಅಪ್ಪನಿಗೆ ಹೇಳುವವರು ಯಾರು. ಸರಿಯಾದ ಪ್ರಶ್ನೆಯೇ. ಮುಂದೆ ಬರುವ ಭಾನುವಾರಕ್ಕೆ ಹಾಲಿನಲ್ಲಿ ಪಂದ್ಯ ಇಟ್ಟಿದ್ದರು. ನಾಲ್ಕನೇ ಟೇಬಲ್ಲಿನಲ್ಲಿ ಮೆಲ್ಲಗೆ ಹೊಡೆದ ಚೆಂಡು ಒಂದು ಕಡೆ ಜಾರುತ್ತದೆಂದು ಆಟಗಾರರು ದೂರಿದ್ದಾರೆ ಎಂದು ಶೇಠ್ ಬಂದು ಹೇಳಿದಾಗ ಅಪ್ಪ ಕೆಂಡವಾಗಿದ್ದ. ನನ್ನ ಕಲ್ಲು ಸುಳ್ಳು ಹೇಳುವುದಿಲ್ಲ, ಅವರಿಗೆ ಹೊಡೆಯಲು ಬರುವುದಿಲ್ಲ ಎಂದು ಕೂಗಾಡಿದ್ದ.

ಶಾಲೆ ತೆರೆಯುವ ದಿನ ಬಂತು. ಅವ್ವ ನನ್ನ ಬಟ್ಟೆಗಳನ್ನು ಟ್ರಂಕಿಗೆ ತುಂಬಿ ಆಗಿತ್ತು, ಮರುದಿನ ಅಪ್ಪ ನನ್ನನ್ನು ಊರಿಗೆ ಬಿಟ್ಟು ಬರುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ನಾಲ್ಕನೇ ಟೇಬಲ್ಲಿಗೆ ಬ್ರಷ್ ಹಾಕುತ್ತಿದ್ದ. ಹೇಗೂ ಹೋಗುವವಳು, ಹೇಳಿಯೇ ಹೋಗೋಣ ಎನ್ನಿಸಿತು.

"ಅಪ್ಪಾ, ಇದು ನಮ್ಮ ಬಾಗಲ ಕಡಿ ವಾಲ್ಯದ."

ಅವನು ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಒಳಗೆ ಹೋಗಿ ರಸಮಟ್ಟ ತಂದು ಬಟ್ಟೆಯ ಮೇಲೆ ಅಡ್ಡ ಇಟ್ಟ.

"ನೋಡು. ಎಲ್ಲಿ ನಿಂತದ ಗುಳ್ಳಿ?"

"ಈಚೀ ಗೆರಿಗಿ ಹತ್ಯದ."

"ಹಾಂ. ಹಾಂಗಽ ನಿಂದರಬೇಕು."

ಹೇಳಿದವನು ಅಲ್ಲೇ ನಿಂತ. ರಸಮಟ್ಟ ಎತ್ತಿಕೊಂಡು ಮೊದಲನೆಯ ಟೇಬಲ್ಲಿಗೆ ಹೋದ, ಕಂಪನಿಯ ಮನುಷ್ಯ ನಿಂತು ಕೂರಿಸಿದ್ದಕ್ಕೆ. ಅಲ್ಲಿ ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ನಿಂತಿತು. ಇಪ್ಪತ್ತು ವರ್ಷ ಮನೆಗಳಿಗೆ ನೆಲ ಹಾಸಿದವನು ಅಪ್ಪ. ನೆಲಕ್ಕೆ ಬಚ್ಚಲ ಕಡೆಗೆ ಕೂದಲೆಳೆಯಷ್ಟು ಇಳಿಜಾರು ಕೊಡಬೇಕು, ಗುಳ್ಳೆ ಗೆರೆಗೆ ತಾಗಬೇಕು, ಇಲ್ಲವಾದರೆ ನೀರು ನಿಲ್ಲುತ್ತದೆ. ಅವನ ಕಣ್ಣಿಗೆ ಅದೇ ಮಟ್ಟ. ಯಾರೂ ಎದುರಿಗಿಲ್ಲದೆ, ತನ್ನ ಕೈಯಾರೆ, ಪ್ರೀತಿಯಿಂದ ಕೂರಿಸಿದ ಆ ಒಂದು ಟೇಬಲ್ಲನ್ನು, ಅದರ ಮೇಲೆ ಕೊಡ ನೀರು ಸುರಿದರೆ ನಮ್ಮ ಮೋರಿಗೇ ಹರಿದು ಬರುವಂತೆ ಕೂರಿಸಿಬಿಟ್ಟಿದ್ದ. ಈಗ ನೆನೆದರೆ ನಗು ಬರುತ್ತದೆ. ಆಗ ಅವನ ಮುಖ ನೋಡಲಾಗಲಿಲ್ಲ.

"ನಿನಗ ಹ್ಯಾಂಗ ಗೊತ್ತಾತು?"

ಕೋಲು ತೆಗೆದುಕೊಂಡು ತೋರಿಸಿದೆ. ಚೆಂಡು ಹೋಗಿ ಎರಡು ಬೆರಳು ಎಡಕ್ಕೆ ಬಂತು. ಅವನು ಅಲ್ಲಿ ಚಾಕ್‌ಪೀಸಿನಿಂದ ಚುಕ್ಕೆ ಇಟ್ಟ. ಮತ್ತೆ ಹೊಡಿ ಎಂದ. ಚುಕ್ಕೆಗೇ ಬಂತು. ಮತ್ತೆ. ಚುಕ್ಕೆಗೇ. ಐದಾರು ಸಲ ಆದ ಮೇಲೆ ಅಪ್ಪ ನನ್ನ ಕೈ ನೋಡಿದ, ತನ್ನ ಕೈ ನೋಡಿಕೊಂಡ. ರಸಮಟ್ಟವನ್ನು ಕುರ್ಚಿಯ ಮೇಲೆ ಇಟ್ಟುಬಿಟ್ಟ. ಗೋಡೆ ಕಡೆಯ ಎರಡು ಕಾಲುಗಳ ಕೆಳಗೆ ಇಸ್ಪೀಟಿನ ಎಲೆ ತೂರಿಸಿ, ಮಂಡಿಯೂರಿದಲ್ಲಿಂದಲೇ ಹೊಡಿ ಎಂದ. ಒಂದೂವರೆ ಬೆರಳು. ಇನ್ನೊಂದು ಎಲೆ. ಒಂದು ಬೆರಳು. ಒಂದು ಸರಿಪಡಿಸಿದರೆ ಇನ್ನೊಂದು ಮೂಲೆ ಕೆಡುತ್ತಿತ್ತು. ಹೊತ್ತು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಶಟರ್ ಬಡಿದ ಸದ್ದಾಯಿತು. ಹನ್ನೊಂದು ಮೀರಿತ್ತು. ನಾನು ಕೋಲು ಕೆಳಗಿಟ್ಟು ಪರದೆಯತ್ತ ಓಡಲು ಹೊರಟೆ.

"ಎಲ್ಲಿ ಹೊಂಟಿ? ಕೆಲಸ ಮುಗದಿಲ್ಲ."

ಅಪ್ಪ ಹೋಗಿ ಶಟರ್ ಎತ್ತಿ ಬಂದು ಮತ್ತೆ ಮಂಡಿಯೂರಿದ. ಮೆಟ್ಟಿಲಿಳಿದು ಐದಾರು ಜನ ಬಂದರು. ಬಗ್ಗಿ ಕೋಲು ಹಿಡಿದಾಗ ಹಿಂದಿನಿಂದ ಒಬ್ಬ ಸಣ್ಣಗೆ ಸಿಳ್ಳೆ ಹಾಕಿದ. ನನಗೆ ನೆಲ ಸೀಳಿ ಒಳಗೆ ಹೋಗಬೇಕೆನ್ನಿಸಿತು. ಅಪ್ಪ ಟೇಬಲ್ಲಿನ ಕೆಳಗಿನಿಂದ ಎದ್ದು ನಿಂತ. ಈ ಸಲ ತಲೆ ಎತ್ತಿ ಅವನನ್ನು ನೇರ ನೋಡಿದ.

"ಥಾಂಬಾ. ಪೋರಗೀ ಲೆವಲ್ ಬಘತೇ."

ನಿಲ್ಲಿ, ಹುಡುಗಿ ಮಟ್ಟ ನೋಡುತ್ತಿದ್ದಾಳೆ. ಅಷ್ಟೇ. ಜಗಳವಿಲ್ಲ, ಬೈಗುಳವಿಲ್ಲ. ಸಿಳ್ಳೆ ನಿಂತಿತು. ನಾನು ಹೊಡೆದೆ. ಚೆಂಡು ಹೋಗಿ, ತಾಗಿ, ಹೊರಳಿ, ಎಲ್ಲೂ ಅತ್ತಿತ್ತ ನೋಡದೆ ಬಂದು ನನ್ನ ಕೋಲಿನ ತುದಿಗೆ ಮುಟ್ಟಿತು.

"ಸಾಲಿ ಎಷ್ಟಕ್ಕ?" ಎಂದ ಅಪ್ಪ.

"ಹನ್ನೆರಡೂವರಿಗಿ."

"ಹೋಗು ಮತ್ತ. ಹೊತ್ತಾಗ್ತದ."

ಒಳಗೆ ಹೋಗಿ ಟ್ರಂಕಿನ ತಳದಿಂದ ಸಮವಸ್ತ್ರ ಎಳೆದು ತೊಟ್ಟು ಚೀಲ ಹಾಕಿಕೊಂಡೆ. ನಾನು ಹೊಸ್ತಿಲು ದಾಟುವಾಗ ಅವ್ವ ಹಿಂದೆಯೇ ಬಂದಳು, ಪರದೆಯ ಅಂಚು ಹಿಡಿದಳು, ಒಂದು ಕಾಲು ಹೊರಗಿಟ್ಟಳು. ಹಿಡಿದು ಒಳಗೆ ಎಳೆಯಲು ಬಂದಳು ಎಂದುಕೊಂಡೆ. ಅವಳ ಕೈಯಿಂದ ಬಟ್ಟೆ ಬಿಡಿಸಿ, ಪರದೆಯನ್ನು ಅವಳ ಮುಖದೆದುರೇ ಈ ತುದಿಯಿಂದ ಆ ತುದಿಗೆ ಎಳೆದು, ಟೇಬಲ್ಲುಗಳ ನಡುವೆ ನಡೆದು ಹೋದೆ. ಯಾರೂ ಸಿಳ್ಳೆ ಹಾಕಲಿಲ್ಲ. ಆಮೇಲೆ ಯಾವತ್ತೂ ಹಾಕಲಿಲ್ಲ. ಆ ಕೋಣೆಯಲ್ಲಿ ನಾವು ಇನ್ನೂ ಒಂಬತ್ತು ವರ್ಷ ಇದ್ದೆವು. ಹನ್ನೊಂದರ ಮೇಲೆ ಅವ್ವ ಒಂದು ದಿನವೂ ಹೊರಗೆ ಬರಲಿಲ್ಲ.

ನಾನೀಗ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವಳು. ಅಪ್ಪ ಇಲ್ಲ. ಅವ್ವ ನನ್ನ ಜೊತೆಗಿದ್ದಾಳೆ, ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ, ಎಲ್ಲ ಕಡೆಯೂ ಕಿಟಕಿ. ಇವತ್ತಿಗೂ ಮಲಗುವ ಕೋಣೆಯಿಂದ ಹೊರಬರುವ ಮೊದಲು ಬಾಗಿಲಲ್ಲಿ ನಿಂತು ಆಲಿಸುತ್ತಾಳೆ.

"ಹೊರಗ ಯಾರರ ಅದಾರೇನು?"

"ಯಾರೂ ಇಲ್ಲ. ಬಾ ಅವ್ವ."

ಆಗ ಬರುತ್ತಾಳೆ. ನಾನು ಗೆದ್ದ ಆ ದಿನದ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಅವಳ ಎದುರೇ ಹೇಳಿದ್ದೇನೆ, ಅವಳೂ ನಗುತ್ತಾಳೆ. ಹೇಳದೆ ಬಿಟ್ಟದ್ದು ಒಂದಿದೆ. ಹೊಸ್ತಿಲಾಚೆ ಇಟ್ಟ ಆ ಕಾಲನ್ನು ನಾನು ನೋಡಿದ್ದೆ. ಚಪ್ಪಲಿಯಿಂದಲೇ ಜನರನ್ನು ಗುರುತಿಸುತ್ತಿದ್ದ ನನಗೆ ಅದರ ಅರ್ಥ ತಿಳಿಯಲು ನಾನೇ ತಾಯಿಯಾಗಿ, ಮಗಳನ್ನು ಮೊದಲ ದಿನ ಶಾಲೆಗೆ ಬಿಡಲು ಹೊರಡುವವರೆಗೆ ಕಾಯಬೇಕಾಯಿತು. ಆ ದಿನ, ಹನ್ನೊಂದರ ಮೇಲೆ, ನನ್ನ ಜೊತೆ ಹೊರಡಲು ಅವ್ವ ಚಪ್ಪಲಿ ಮೆಟ್ಟಿಕೊಂಡಿದ್ದಳು.